ನಮ್ಮಪ್ಪ ನೆಂಟರಲ್ಲ: ಬೀದಿಯವರಿಗೆ, ಬಂಧುಗಳಿಗೆ, ಕೌಂಟರಿನವರಿಗೆ ಒಂದು ಬಹಿರಂಗ ಪತ್ರ

ಹಾಸನದ ನಮ್ಮ ಬೀದಿಯ ಎಲ್ಲರಿಗೂ, ಆಲೂರು ಕಡೆಯ ನಮ್ಮ ನೆಂಟರಿಷ್ಟರಿಗೂ, ಅರ್ಜಿ ತೆಗೆದುಕೊಳ್ಳುವ ಕಿಟಕಿಗಳ ಹಿಂದೆ ಕೂತವರಿಗೂ ನಮಸ್ಕಾರ.

ಹೋದ ತಿಂಗಳು ನಮ್ಮ ಮನೆಗೆ ಗ್ಯಾಸ್ ಸಿಲಿಂಡರ್ ಬಂದು ವಾಪಸ್ ಹೋಯಿತು. ಮನೆಗೆ ಬೀಗ ಹಾಕಿರಲಿಲ್ಲ. ದುಡ್ಡು ಫ್ರಿಜ್ಜಿನ ಮೇಲಿತ್ತು. ಕೋಡ್ ನಂಬರನ್ನು ಚೀಟಿಯಲ್ಲಿ ಬರೆದು ಅದರ ಕೆಳಗೇ ಇಟ್ಟಿದ್ದೆ. ಬೆಳಿಗ್ಗೆ ಸ್ಕೂಲಿಗೆ ಹೊರಡುವಾಗ ಅಪ್ಪನಿಗೆ ಎರಡು ಸಲ ಹೇಳಿಯೂ ಹೋಗಿದ್ದೆ. ಅಪ್ಪ ಬಾಗಿಲ ಪಕ್ಕದ ಕಟ್ಟೆಯ ಮೇಲೇ ಕೂತಿದ್ದರು. ಹುಡುಗ ಬಂದು ಬೆಲ್ ಒತ್ತಿದ. ಅಪ್ಪ ಏಳಲಿಲ್ಲ.

"ಮನೆಯವರು ಇಲ್ಲ ಕಣಪ್ಪ" ಅಂದರು.

"ಮತ್ತೆ ನೀವ್ಯಾರು ತಾತ?"

"ನಾನು ನೆಂಟ."

ಇದನ್ನು ನನಗೆ ಹೇಳಿದ್ದು ಎದುರುಮನೆಯವರು. ನಕ್ಕೊಂಡೇ ಹೇಳಿದರು, ನಾನೂ ನಕ್ಕೆ. ಆಮೇಲೆ ಒಳಗೆ ಬಂದು ಇಂಡಕ್ಷನ್ ಸ್ಟೌ ಮೇಲೆ ಮುದ್ದೆಗೆ ಎಸರಿಡುವಾಗ ಅಳು ಬಂತು. ಈ ನೆಂಟರು ನಮ್ಮ ಮನೆಗೆ ಬಂದು ಹದಿನಾಲ್ಕು ತಿಂಗಳಾಗಿದೆ.

ಅಪ್ಪನಿಗೆ ಈಗ 79. ನಾವು ಇಬ್ಬರು ಹೆಣ್ಣುಮಕ್ಕಳು. ಅಕ್ಕ ಬೆಂಗಳೂರಿನಲ್ಲಿ, ನಾನು ಹಾಸನದಲ್ಲಿ. ಅಮ್ಮ ಹೋದ ಮೇಲೆ ಒಂದೂವರೆ ವರ್ಷ ಊರಲ್ಲಿ ಒಬ್ಬರೇ ಇದ್ದರು. ಬಚ್ಚಲಲ್ಲಿ ಜಾರಿ ಬಿದ್ದು ಎರಡು ಗಂಟೆ ಹೊತ್ತು ಏಳಲಾಗದೆ ಒದ್ದಾಡಿದ್ದಾರೆ ಅಂತ ಪಕ್ಕದ ಮನೆಯ ಹುಡುಗ ಫೋನ್ ಮಾಡಿದ. ಅವತ್ತೇ ಹೋಗಿ ಕರೆದುಕೊಂಡು ಬಂದೆವು. "ಎಂಟು ದಿನಕ್ಕೆ ಬರ್ತೀನಿ" ಅಂದರು. ಎಂಟು ದಿನಕ್ಕೆ ಆಗುವಷ್ಟೇ ಬಟ್ಟೆಯನ್ನು ರೆಕ್ಸಿನ್ ಬ್ಯಾಗಿಗೆ ತುಂಬಿಕೊಂಡರು. ಆ ಬ್ಯಾಗು ಇವತ್ತಿಗೂ ಬಾಗಿಲ ಹಿಂದಿನ ಮೊಳೆಯಲ್ಲಿ ನೇತಾಡುತ್ತಿದೆ. ಬೀರುವಿನಲ್ಲಿ ಒಂದು ಖಾನೆ ಖಾಲಿ ಮಾಡಿಕೊಟ್ಟೆ. ಒಗೆದ ಬಟ್ಟೆಯನ್ನು ನಾನು ಖಾನೆಯಲ್ಲಿಟ್ಟರೆ ಸಂಜೆಯೊಳಗೆ ಅದು ಬ್ಯಾಗು ಸೇರಿರುತ್ತದೆ.

ಹಟ ಅಂದರೆ ಹಟ. ಕೋಲು ತಂದುಕೊಟ್ಟೆವು, ಬೇಡ. ಛತ್ರಿ ಊರಿಕೊಂಡು ನಡೆಯುತ್ತಾರೆ. "ಕೋಲು ಮುದುಕರಿಗೆ, ಛತ್ರಿ ಎಲ್ಲರಿಗೂ" ಅನ್ನುವುದು ಅವರ ವಾದ. ಚಪ್ಪಲಿಯನ್ನು ನಮ್ಮ ಚಪ್ಪಲಿಗಳ ಜೊತೆ ಬಿಡುವುದಿಲ್ಲ, ಗೇಟಿನ ಹತ್ತಿರ ಬಿಡುತ್ತಾರೆ. ಅಳಿಯ ಊಟ ಮಾಡದೆ ತಾವು ಕೂರುವುದಿಲ್ಲ. ನಮ್ಮನೆಯವರಿಗೆ ಶಿಫ್ಟು, ಕೆಲವು ದಿನ ರಾತ್ರಿ ಹತ್ತೂವರೆ ಆಗುತ್ತದೆ. ಅಲ್ಲಿವರೆಗೂ ಹಸಿದುಕೊಂಡೇ ಇರುತ್ತಾರೆ.

ಸ್ನಾನದ ಕಥೆ ಇನ್ನೂ ಒಂದು ಕೈ ಮೇಲೆ. ಡಿಸೆಂಬರಿನ ಹಾಸನದ ಚಳಿ ಹೇಗಿರುತ್ತೆ ಅಂತ ನಿಮಗೆ ಹೇಳಬೇಕಿಲ್ಲ, ಬಡವರ ಊಟಿ ಅಂತ ಸುಮ್ನೆ ಹೆಸರು ಬಂದಿಲ್ಲ. ಆ ಚಳಿಯಲ್ಲಿ ಬೆಳಿಗ್ಗೆ ಐದಕ್ಕೆ ಎದ್ದು ತಣ್ಣೀರು ಹುಯ್ದುಕೊಳ್ಳುತ್ತಿದ್ದರು. ಅಭ್ಯಾಸ ಇರಬೇಕು ಅಂದುಕೊಂಡೆ. ಕೆಮ್ಮು ಬಂತು, ಕಫ ಕಟ್ಟಿತು, ಡಾಕ್ಟರ ಹತ್ತಿರ ಓಡಾಡಿದ್ದಾಯಿತು. ಆಮೇಲೆ ಗೊತ್ತಾಗಿದ್ದು ಏನು ಅಂದರೆ, ಚಳಿಗಾಲದಲ್ಲಿ ಸೋಲಾರ್ ಬಿಸಿನೀರು ಕಡಿಮೆ ಬರುತ್ತೆ, ಅಳಿಯಂದಿರಿಗೆ ಸಾಲದೆ ಹೋದರೆ ಅಂತ ಇವರು ಬಿಸಿನೀರಿನ ನಲ್ಲಿ ಮುಟ್ಟುತ್ತಲೇ ಇರಲಿಲ್ಲ.

ಇನ್ನೊಂದು ದಿನ ಅವರ ದಿಂಬಿನ ಕೆಳಗೆ ಒಂದು ಲೆಕ್ಕದ ಪುಸ್ತಕ ಸಿಕ್ಕಿತು. ಹಾಲಿನ ಸೊಸೈಟಿಯ ಹಳೇ ಪುಸ್ತಕ, ಹಿಂದಿನ ಖಾಲಿ ಹಾಳೆಗಳಲ್ಲಿ ಪೆನ್ಸಿಲ್ ಬರಹ. ದಿನಕ್ಕೊಂದು ಸಾಲು. 'ಕಾಫಿ 2 ಸಲ, 20. ಉಪ್ಪಿಟ್ಟು, 15. ಮುದ್ದೆ, ಹುರುಳಿ ಸಾರು, 30.' ನಮ್ಮ ಮನೆಯಲ್ಲಿ ತಿಂದ ಒಂದೊಂದು ತುತ್ತಿಗೂ ರೇಟು ಹಾಕಿದ್ದಾರೆ! ಯುಗಾದಿಗೆ, ದೀಪಾವಳಿಗೆ ನನ್ನ ಮಗಳ ಕೈಗೆ ಕವರ್ ಕೊಡುತ್ತಿದ್ದದ್ದು ಪ್ರೀತಿಗೆ ಅಂದುಕೊಂಡಿದ್ದೆ, ಅದು ಬಾಕಿ ತೀರಿಸುವ ದಾರಿ. ಒಂದು ಸಾಲು ಮಾತ್ರ ಈಗಲೂ ನೆನೆದರೆ ನಗು ಬರುತ್ತದೆ. 'ಅಕ್ಕಿರೊಟ್ಟಿ 2. ಸೀದಿತ್ತು. 10.'

ಇದೆಲ್ಲ ಮನೆಯೊಳಗಿನ ಮಾತು, ಇದನ್ನು ಯಾಕೆ ಬೀದಿಗೆ ತರುತ್ತಿದ್ದೀ ಅಂತ ನೀವು ಕೇಳಬಹುದು. ಈ ಹಟಕ್ಕೆ ದಿನಾ ನೀರು ಹಾಕುತ್ತಿರುವವರು ನೀವು. ಅದಕ್ಕೇ ಈ ಪತ್ರ.

"ಎಷ್ಟು ದಿನ ಇರ್ತೀರಿ ಗೌಡ್ರೇ?" ಇದು ಬೀದಿಯ ಪ್ರಶ್ನೆ. "ಗಂಡುಮಕ್ಕಳು ಇಲ್ವಾ?" ಇದು ಪಾರ್ಕಿನ ಪ್ರಶ್ನೆ. "ಹೆಣ್ಣು ಕೊಟ್ಟ ಮನೇಲಿ ಎಷ್ಟು ದಿನ ಅಂತ ಕೂತಿರ್ತೀಯ, ಬಾ ಊರಿಗೆ" ಇದು ಫೋನಿನಲ್ಲಿ ನಮ್ಮ ದೊಡ್ಡಪ್ಪನ ಮಗನದ್ದು. ಕರೆಯುವವನು ಒಂದು ದಿನವಾದರೂ ಅವರಿಗೆ ಒಂದು ಲೋಟ ಗಂಜಿ ಕಾಯಿಸಿ ಕೊಟ್ಟವನಲ್ಲ, ಅದು ಬೇರೆ ವಿಷಯ. ಇವೆಲ್ಲಕ್ಕಿಂತ ನನಗೆ ಉರಿಯುವುದು ನಿಮ್ಮ ಹೊಗಳಿಕೆ. "ಅಳಿಯ ದೇವರಂಥೋರು ಬಿಡಿ." ಹೌದು, ನಮ್ಮನೆಯವರು ಒಳ್ಳೆಯವರೇ. ಆದರೆ ನಮ್ಮತ್ತೆ ಇದೇ ಮನೆಯಲ್ಲಿ ಎಂಟು ವರ್ಷ ಇದ್ದರು. ಕೊನೆಯ ಎರಡು ವರ್ಷ ಮಲಗಿದಲ್ಲೇ ಇದ್ದರು. ಎಷ್ಟು ದಿನ ಇರ್ತೀರಿ ಅಂತ ಅವರನ್ನು ಒಬ್ಬರೂ ಕೇಳಲಿಲ್ಲ. ನನ್ನನ್ನು ಯಾರೂ ದೇವತೆ ಅನ್ನಲಿಲ್ಲ. ಅದು ಅವರ ಮನೆ, ಅವರು ಇದ್ದರು, ನಾನು ನೋಡಿಕೊಂಡೆ. ಅಷ್ಟೇ ಅಲ್ವಾ? ಅಪ್ಪನ ವಿಷಯಕ್ಕೂ ಅಷ್ಟೇ ಆಗಬೇಕಿತ್ತು.

ನೀವು "ದೇವರಂಥ ಅಳಿಯ" ಅಂದಾಗಲೆಲ್ಲ ಅಪ್ಪನಿಗೆ ಕೇಳಿಸುವುದು ಒಂದೇ ಮಾತು: ನೀನು ಇನ್ನೊಬ್ಬರ ಋಣದಲ್ಲಿದ್ದೀಯ. ಅವತ್ತು ರಾತ್ರಿ ಪುಸ್ತಕದಲ್ಲಿ ಮುದ್ದೆಯ ರೇಟು ಐದು ರೂಪಾಯಿ ಏರಿರುತ್ತದೆ.

ನೆಂಟರಿಗೆ ಇನ್ನೊಂದು ಮಾತು. "ಆಸ್ತಿಗೋಸ್ಕರ ಇಟ್ಟುಕೊಂಡಿದ್ದಾಳೆ" ಅಂತ ಆಡಿಕೊಳ್ಳುತ್ತಿರುವುದು ನನ್ನ ಕಿವಿಗೂ ಬಿದ್ದಿದೆ. ಎರಡು ಎಕರೆ ಇದೆ. ಪಹಣಿ ಅಪ್ಪನ ಹೆಸರಲ್ಲೇ ಇದೆ, ಇರಲಿ. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಅಂತ ಕರ್ನಾಟಕ 1994ರಲ್ಲೇ ಕಾನೂನು ತಿದ್ದಿತು, ದೇಶಕ್ಕೆಲ್ಲ 2005ರಲ್ಲಿ ಬಂತು. ಅದನ್ನು ಈಗ ಎಲ್ಲರೂ ಒಪ್ಪಿಕೊಂಡಿದ್ದೀರಿ, ಬಾಯಲ್ಲಾದರೂ. ಅದರ ಇನ್ನೊಂದು ಮಗ್ಗುಲು ಮಾತ್ರ ಯಾರಿಗೂ ಬೇಡ. ಹೆತ್ತವರನ್ನು ನೋಡಿಕೊಳ್ಳುವ ಜವಾಬ್ದಾರಿ ಮದುವೆಯಾದ ಮಗಳಿಗೂ ಇದೆ ಅಂತ ಸುಪ್ರೀಂ ಕೋರ್ಟ್ 1987ರಲ್ಲೇ ಹೇಳಿದೆ. ಅದು ಮಹಾರಾಷ್ಟ್ರದಲ್ಲಿ ಡಾಕ್ಟರ್ ಆಗಿದ್ದ ಒಬ್ಬ ಮಗಳ ಕೇಸು. ಮದುವೆಯಾದಳು ಅಂತ ಮಗಳು ಮಗಳಲ್ಲದೆ ಹೋಗುವುದಿಲ್ಲ ಅನ್ನುವುದು ಆ ತೀರ್ಪಿನ ತಿರುಳು. ಹಿರಿಯ ನಾಗರಿಕರಿಗಾಗಿ 2007ರಲ್ಲಿ ಬಂದ ಕಾಯ್ದೆಯಲ್ಲೂ 'ಮಕ್ಕಳು' ಅಂದರೆ ಮಗ, ಮಗಳು, ಮೊಮ್ಮಗ, ಮೊಮ್ಮಗಳು ಅಂತ ಬಿಡಿಸಿಯೇ ಬರೆದಿದ್ದಾರೆ. ಮಕ್ಕಳು ಅನ್ನ ಹಾಕದಿದ್ದರೆ ಅಸಿಸ್ಟೆಂಟ್ ಕಮಿಷನರ್ ಮುಂದೆ ಅರ್ಜಿ ಕೊಡಬಹುದು. ನಮ್ಮ ಜಿಲ್ಲೆಯಲ್ಲಿ ಹಾಸನ, ಸಕಲೇಶಪುರ ಎರಡು ಕಡೆ ಆ ಕಚೇರಿ ಇದೆ. ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸುವ ಅಧಿಕಾರ ಅವರಿಗಿದೆ. ನಿಮ್ಮಲ್ಲಿ ಯಾರಾದರೂ ಮಕ್ಕಳಿಗೆ ಆಸ್ತಿ ಬರೆದುಕೊಡಲು ಹೊರಟಿದ್ದರೆ, ನೋಡಿಕೊಳ್ಳಬೇಕು ಅನ್ನುವ ಷರತ್ತನ್ನು ದಾನಪತ್ರದಲ್ಲೇ ಬರೆಸಿ. ಆಮೇಲೆ ಕೈಬಿಟ್ಟರೆ ಆ ಪತ್ರವನ್ನೇ ರದ್ದು ಮಾಡಿಸಬಹುದು. ಇಲ್ಲಿ ನನ್ನ ಮೇಲೆ ಅನುಮಾನ ಇದ್ದರೆ ಇದನ್ನು ಅಪ್ಪನಿಗೇ ಓದಿ ಹೇಳಿ, ನನಗೇನೂ ಬೇಜಾರಿಲ್ಲ.

ಆದರೆ ಯಾವ ಕಾನೂನೂ ಮೊಳೆಯಿಂದ ಬ್ಯಾಗು ಇಳಿಸುವುದಿಲ್ಲ. ನಮ್ಮಪ್ಪನಿಗೆ ಅನ್ನದ ಕೊರತೆ ಇಲ್ಲ. ಆ ಅನ್ನ ತಮ್ಮದು ಅಂತ ಅನ್ನಿಸುತ್ತಿಲ್ಲ, ಅಷ್ಟೇ.

ಈಗ ಕೌಂಟರಿನವರಿಗೆ. ಯಾವ ಕಚೇರಿ ಅಂತ ಬರೆಯುವುದಿಲ್ಲ, ಒಬ್ಬರ ಮೇಲೆ ದೂರು ಹೇಳಲು ಕೂತಿಲ್ಲ. ಅಪ್ಪನ ವಿಳಾಸ ಬದಲಾಯಿಸಬೇಕಿತ್ತು. ಅವರನ್ನು ಒಪ್ಪಿಸಲು ನನಗೆ ನಾಲ್ಕು ತಿಂಗಳು ಬೇಕಾಯಿತು. ಔಷಧಿ, ಬ್ಯಾಂಕು ಎಲ್ಲದಕ್ಕೂ ಅನುಕೂಲ ಅಂತ ಹೇಳಿ ಹೇಳಿ, ಕೊನೆಗೆ ಬಿಳಿ ಪಂಚೆ ಉಟ್ಟುಕೊಂಡು ಹೊರಟರು. ಕಿಟಕಿಯ ಹುಡುಗ ಮೊದಲು ಕೇಳಿದ್ದೇ "ಮಗ ಬಂದಿಲ್ವಾ?" ಅಂತ. ಇಲ್ಲ, ಮಗಳು ನಾನು ಅಂದೆ. ಮಷೀನು ಅಪ್ಪನ ಬೆರಳಚ್ಚು ತೆಗೆದುಕೊಳ್ಳಲಿಲ್ಲ. ಹೆಬ್ಬೆಟ್ಟು, ತೋರುಬೆರಳು, ಎಡಗೈ, ಬಲಗೈ. ಐವತ್ತು ವರ್ಷ ನೇಗಿಲು, ಗುದ್ದಲಿ ಹಿಡಿದ ಬೆರಳಲ್ಲಿ ಗೆರೆ ಎಲ್ಲಿ ಉಳಿದಿರುತ್ತೆ? ಒದ್ದೆ ಬಟ್ಟೆಯಲ್ಲಿ ಒರೆಸಿ ಒತ್ತಿಸಿದ, ಪಾಪ, ಆ ಹುಡುಗನಿಗೂ ತಾಳ್ಮೆ ಇತ್ತು. ಕೊನೆಗೆ ಹೇಗೋ ಆಯಿತು. ಆಮೇಲೆ ವಿಳಾಸದ ಮೊದಲ ಸಾಲು ಓದಿ ಹೇಳಿದ: ಕೇರ್ ಆಫ್, ನಮ್ಮನೆಯವರ ಹೆಸರು.

ಅಪ್ಪ ಕೇಳಿದರು, "ಹಂಗಂದ್ರೆ?"

"ಅವರ ಆಶ್ರಯದಲ್ಲಿದ್ದೀರಿ ಅಂತ ತಾತ" ಅಂದ ಹುಡುಗ. ತಪ್ಪು ಅರ್ಥವೇನೂ ಅಲ್ಲ, ಅವನು ಬೇಕು ಅಂತ ಅಂದದ್ದೂ ಅಲ್ಲ.

ಅಪ್ಪ ಛತ್ರಿ ಊರಿಕೊಂಡು ಎದ್ದರು. "ನಾನು ಯಾರ ಕೇರ್ ಆಫೂ ಅಲ್ಲ" ಅಂದವರೇ ಹೊರಗೆ ನಡೆದುಬಿಟ್ಟರು. ವಿಳಾಸ ಇವತ್ತಿಗೂ ಊರಿನದ್ದೇ ಇದೆ. ಒಂದೇ ಕೇಳಿಕೆ. ಆ ಖಾನೆ ತುಂಬುವ ಮೊದಲು, ಏನು ಬರೆಯಲಿ ಅಂತ ಎದುರಿಗೆ ಕೂತವರನ್ನು ಕೇಳಿ. ಖಾಲಿ ಬಿಡಬಹುದಾದರೆ ಖಾಲಿ ಬಿಡಿ. ಮತ್ತೆ, ಮಗಳು ಪಕ್ಕದಲ್ಲಿ ನಿಂತಿರುವಾಗ ಮಗನನ್ನು ಹುಡುಕಬೇಡಿ.

ಊರಿನ ವಿಳಾಸ ಅಂದೆನಲ್ಲ, ಅದರದ್ದೂ ಒಂದು ಕಥೆ ಇದೆ. ಅದು ಅಪ್ಪನ ಎರಡನೇ ಊರು. ಹುಟ್ಟಿ ಬೆಳೆದ ಊರು ಹೇಮಾವತಿ ಹಿನ್ನೀರಿನ ಕೆಳಗಿದೆ. ಗೊರೂರಿನ ಅಣೆಕಟ್ಟೆ ಮುಗಿದದ್ದು 1979ರಲ್ಲಿ. ಆಗ ಅಪ್ಪನಿಗೆ ಮೂವತ್ತಮೂರು ಇರಬೇಕು. ಶೆಟ್ಟಿಹಳ್ಳಿಯ ಮುಳುಗುವ ಚರ್ಚನ್ನು ನೋಡಲು ಎಲ್ಲಿಂದಲೋ ಕಾರು ಮಾಡಿಕೊಂಡು ಜನ ಬರುತ್ತಾರಲ್ಲ, ಫೋಟೊ ತೆಗೆದುಕೊಂಡು ಹೋಗುತ್ತಾರಲ್ಲ, ಅದೇ ನೀರು. ಚರ್ಚಿನ ಗೋಡೆಯಾದರೂ ನಿಂತಿದೆ. ನಮ್ಮ ಗದ್ದೆ, ಕಣ, ಕೊಟ್ಟಿಗೆ ಏನೂ ಉಳಿಯಲಿಲ್ಲ. ಬೇಸಿಗೆಯಲ್ಲಿ ನೀರು ಇಳಿದಾಗ ಅಪ್ಪ ಒಬ್ಬರೇ ಬಸ್ಸು ಹತ್ತಿ ಹೋಗಿ ದಡದಲ್ಲಿ ನಿಂತು ಬರುತ್ತಿದ್ದರು. ಅಲ್ಲಿ ಏನು ನೋಡುತ್ತೀಯ ಅಂತ ನಾನು ಯಾವತ್ತೂ ಕೇಳಿರಲಿಲ್ಲ. ಹೋದ ಬೇಸಿಗೆಯಲ್ಲಿ ಜೊತೆಗೆ ಹೋದೆ. ಬಸ್ಸಿನಲ್ಲಿ ನನಗೆ ಶಕ್ತಿ ಯೋಜನೆಯ ಪುಕ್ಕಟೆ ಟಿಕೆಟ್ಟು, ಅವರಿಗೆ ಹಿರಿಯ ನಾಗರಿಕರ ಶೇ. 25 ರಿಯಾಯಿತಿ. "ಮಗಳಿಗೆ ಪುಕ್ಕಟೆ, ಅಪ್ಪನಿಗೆ ಮುಕ್ಕಾಲು" ಅಂತ ಕಂಡಕ್ಟರಿಗೆ ದಾರಿಯುದ್ದಕ್ಕೂ ತಮಾಷೆ ಮಾಡಿದರು. ದಡಕ್ಕೆ ಬಂದ ಮೇಲೆ ಮಾತಿಲ್ಲ. ಒಣಗಿ ಬಿರಿದ ಮಣ್ಣಿನಲ್ಲಿ ಐವತ್ತು ಹೆಜ್ಜೆ ನಡೆದು, ಛತ್ರಿಯ ತುದಿಯಿಂದ ಒಂದು ಗುಂಡು ಎಳೆದರು. "ಇಲ್ಲಿತ್ತು ಕಣ" ಅಂದರು. ಅಷ್ಟೇ.

ವಾಪಸ್ ಬರುವಾಗ ಕೇಳಿದರು. "ಆವತ್ತು ಸರ್ಕಾರ ಎಬ್ಬಿಸ್ತು. ಈವತ್ತು ನೀನು ಎಬ್ಬಿಸಿದ್ದೀಯ. ಇನ್ನೊಂದು ಸಲ ಎಬ್ಬಿಸಿದ್ರೆ ಎಲ್ಲಿಗೆ ಹೋಗೋದು ಕಣವ್ವ?"

ಬ್ಯಾಗು ಯಾಕೆ ಮೊಳೆಯಲ್ಲೇ ಇದೆ ಅಂತ ನನಗೆ ಅರ್ಥವಾದದ್ದು ಆ ಬಸ್ಸಿನಲ್ಲಿ.

ಇಷ್ಟು ಹೊತ್ತು ನಿಮ್ಮ ತಪ್ಪು ಎಣಿಸಿದೆ. ನನ್ನದನ್ನೂ ಬರೆಯದಿದ್ದರೆ ಈ ಪತ್ರಕ್ಕೆ ಬೆಲೆ ಇರುವುದಿಲ್ಲ. ತಣ್ಣೀರಿನ ವಿಷಯ ಗೊತ್ತಾದ ದಿನ ನನಗೆ ಸಿಟ್ಟು ನೆತ್ತಿಗೇರಿತ್ತು. "ಇದು ನಮ್ಮನೆ. ಇಲ್ಲಿ ನಾವು ಹೇಳಿದ ಹಾಗೆ ಇರಬೇಕು ನೀನು" ಅಂದುಬಿಟ್ಟೆ. ನಾನು ಆಡಬೇಕೆಂದಿದ್ದ ಮಾತು ಬಿಸಿನೀರಿನದು. ಬಾಯಿಂದ ಬಂದದ್ದು ಮನೆ ಯಾರದ್ದು ಅನ್ನುವುದು. ಅಪ್ಪ ಎದುರು ಮಾತಾಡಲಿಲ್ಲ. ರಾತ್ರಿ ಎರಡು ಗಂಟೆಗೆ ನೀರು ಕುಡಿಯಲು ಎದ್ದೆ. ಹಾಲ್‌ನಲ್ಲಿ ಲೈಟು ಹಾಕದೆ, ಬ್ಯಾಗನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ಮೊದಲ ಬಸ್ಸು ಎಷ್ಟು ಗಂಟೆಗೆ ಅಂತ ಕೇಳಿದರು. ನಾನು ಪಕ್ಕದಲ್ಲಿ ಕೂತೆ. ಬೆಳಗಿನವರೆಗೂ ಇಬ್ಬರೂ ಹಾಗೇ ಕೂತಿದ್ದೆವು. ನಾನು ಕ್ಷಮಿಸು ಅನ್ನಲಿಲ್ಲ. ನಮ್ಮ ಮನೆಗಳಲ್ಲಿ ಅಪ್ಪನಿಗೆ ಹಾಗೆಲ್ಲ ಹೇಳುವ ರೂಢಿ ಇಲ್ಲ. ಐದು ಗಂಟೆಗೆ ಕಾಫಿ ಮಾಡಿ, ಗೀಸರ್ ಹಾಕಿ ಬಕೆಟ್ಟು ತುಂಬಿಸಿಟ್ಟೆ. ಹೋಗಿ ಸ್ನಾನ ಮಾಡಿದರು.

ಇದನ್ನು ಸ್ವಲ್ಪವಾದರೂ ಸರಿ ಮಾಡಿದ್ದು ನಾನಲ್ಲ, ನಮ್ಮನೆಯವರು. ನಮ್ಮ ಬೀದಿಗೆ ನೀರು ದಿನಾ ಬರುವುದಿಲ್ಲ, ಬರುವ ಹೊತ್ತೂ ನೆಟ್ಟಗಿಲ್ಲ ಅನ್ನುವುದು ನಿಮಗೆ ಗೊತ್ತು. ಒಂದು ದಿನ ಊಟಕ್ಕೆ ಕೂತಾಗ ಅಂದರು, "ಮಾವ, ನಾವಿಬ್ಬರೂ ಕೆಲಸಕ್ಕೆ ಹೋಗ್ತೀವಿ. ಸಂಪ್ ತುಂಬಿಸೋರು ಇಲ್ಲ. ಹೋದ ವಾರ ಟ್ಯಾಂಕರಿಗೆ ದುಡ್ಡು ಕೊಟ್ಟೆ. ನೀವು ನೋಡ್ಕೊಂಡರೆ ಆಗುತ್ತೆ." ಬೇಕು ಅಂತ ಹೇಳಿದರೋ ನಿಜವಾಗಿಯೂ ಟ್ಯಾಂಕರಿನ ಸಂಕಟವೋ, ನಾನು ಕೇಳಿಲ್ಲ.

ಅವತ್ತಿನಿಂದ ನೀರು ಅಪ್ಪನ ಇಲಾಖೆ. ಹಾಸನಕ್ಕೆ ಕುಡಿಯುವ ನೀರು ಬರುವುದು ಹೇಮಾವತಿಯಿಂದ ತಾನೆ? ಬೆಳಿಗ್ಗೆ ಪೇಪರು ಬಂದ ಕೂಡಲೇ ಮೊದಲು ನೋಡುವುದು ಜಲಾಶಯದ ಮಟ್ಟ. ಪೂರ್ತಿ ತುಂಬಿದರೆ 2,922 ಅಡಿ. ಇವತ್ತು ಎಷ್ಟು, ಹೋದ ವರ್ಷ ಇದೇ ದಿನ ಎಷ್ಟು, ಎಲ್ಲ ಬಾಯಲ್ಲಿ. ವಾಲ್ವ್ ತಿರುಗಿಸಲು ಬರುವವರ ಜೊತೆ ಜಗಳ ಆಡಿ, ಆಮೇಲೆ ದೋಸ್ತಿ ಮಾಡಿಕೊಂಡಿದ್ದಾರೆ. ನಾನು ಪಾತ್ರೆ ತೊಳೆಯುವಾಗ ನಲ್ಲಿ ಜೋರಾಗಿ ಬಿಟ್ಟರೆ ಹಿಂದಿನಿಂದ ದನಿ ಬರುತ್ತದೆ. "ನಮ್ಮ ಗದ್ದೆ ಮೇಲಿನ ನೀರು ಕಣವ್ವ ಅದು. ಸುಮ್ನೆ ಚೆಲ್ಲಬೇಡ."

ತಾರಸಿಯ ಮೇಲೆ ಹಳೇ ಪೇಂಟ್ ಡಬ್ಬಗಳಲ್ಲಿ ದಂಟು, ಮೆಂತ್ಯ, ನಾಲ್ಕು ಅವರೆ ಬಳ್ಳಿ ಎಬ್ಬಿಸಿದ್ದಾರೆ. ಅವರೆ ಬಳ್ಳಿ ಪಕ್ಕದ ಮನೆಯವರ ಡಿಶ್‌ಗೆ ಸುತ್ತಿಕೊಂಡು ಅವರ ಟಿವಿ ನಿಂತುಹೋಗಿದ್ದಕ್ಕೆ ಇಲ್ಲೇ ಕ್ಷಮೆ ಕೇಳುತ್ತೇನೆ. ಕಾಯಿ ಬಿಟ್ಟಾಗ ಒಂದು ಮೊರ ಕಳಿಸುತ್ತೇವೆ.

ನಿಮ್ಮಲ್ಲಿ ಎಷ್ಟು ಜನರಿಗೆ ನೆನಪಿದೆಯೋ ಇಲ್ಲವೋ. ಎರಡು ತಿಂಗಳ ಹಿಂದೆ ಬೀದಿಯ ಕೊನೆಯ ಮನೆಯ ಅಜ್ಜಿ ಗೇಟಿನ ಹತ್ತಿರ ಬಂದು ಕೂಗಿದರು, "ಗೌಡ್ರೇ, ನೀರು ಇವತ್ತು ಬಿಡ್ತಾರಾ?" ಅಂತ. ಈ ಬೀದಿಯಲ್ಲಿ ಯಾರಾದರೂ ಅಪ್ಪನನ್ನು ಎಷ್ಟು ದಿನ ಇರ್ತೀರಿ ಅನ್ನುವುದು ಬಿಟ್ಟು ಬೇರೆ ಏನಾದರೂ ಕೇಳಿದ್ದು ಅದೇ ಮೊದಲು. ಅಪ್ಪ ಎದ್ದು ಗೇಟಿನವರೆಗೂ ಹೋಗಿ ಹತ್ತು ನಿಮಿಷ ವಿವರಿಸಿದರು. ಆ ಅಜ್ಜಿಗೆ ನನ್ನ ಲೆಕ್ಕದಲ್ಲಿ ಒಂದು ಸೀರೆ ಬಾಕಿ ಇದೆ.

ನಾನು ಕೇಳುವುದು ಅಂಥದ್ದನ್ನೇ. ನೀರು ಬಂತಾ ಅಂತ ಕೇಳಿ. ಈ ಸಲ ಆಲೂಗಡ್ಡೆಗೆ ಅಂಗಮಾರಿ ಬಿದ್ದಿದೆಯಂತೆ, ಏನು ಹೊಡೀಬೇಕು ಅಂತ ಕೇಳಿ. ನಿಮ್ಮ ಮೊಮ್ಮಕ್ಕಳನ್ನು ಅರ್ಧ ಗಂಟೆ ನಮ್ಮ ಕಟ್ಟೆಯ ಮೇಲೆ ಬಿಟ್ಟು ಹೋಗಿ. ಮದುವೆ ಕಾರ್ಡು ಕೊಡಲು ಬಂದಾಗ ನಮ್ಮನೆಯವರ ಹೆಸರಿನ ಜೊತೆ ಅಪ್ಪನ ಹೆಸರಲ್ಲೂ ಒಂದು ಕಾರ್ಡು ಬರೆಯಿರಿ, ಅವರ ಕೈಗೇ ಕೊಡಿ. ಊರಿನ ನೆಂಟರು ಬಂದರೆ ಸಂತೋಷ, ಊಟ ಮಾಡಿಕೊಂಡೇ ಹೋಗಿ. ಕರೆದುಕೊಂಡು ಹೋಗ್ತೀನಿ ಅನ್ನುವ ಮಾತು ಮಾತ್ರ, ನಿಜವಾಗಿ ಕರೆದುಕೊಂಡು ಹೋಗುವವರಷ್ಟೇ ಆಡಿ.

ಬ್ಯಾಗು ಇನ್ನೂ ಮೊಳೆಯಲ್ಲೇ ಇದೆ. ಪುಸ್ತಕವೂ ಇದೆ. ನಾನು ಕದ್ದು ನೋಡುವುದನ್ನು ಬಿಟ್ಟಿಲ್ಲ. ಹೋದ ವಾರದಿಂದ ಒಂದು ಹೊಸ ಕಲಂ ಶುರುವಾಗಿದೆ. ಎಡಗಡೆ ಮುದ್ದೆ, ಕಾಫಿ. ಬಲಗಡೆ, 'ಸಂಪ್ ತುಂಬಿಸಿದ್ದು, 50. ದಂಟಿನ ಸೊಪ್ಪು 2 ಕಟ್ಟು, 30.' ಈ ಲೆಕ್ಕದಲ್ಲಿ ಹೋದರೆ ಸಂಕ್ರಾಂತಿ ಹೊತ್ತಿಗೆ ನಾವೇ ಅವರಿಗೆ ಬಾಕಿ ಬೀಳುತ್ತೇವೆ.

ಗ್ಯಾಸ್ ತರುವ ತಮ್ಮನಿಗೆ: ಮೊನ್ನೆ ಮತ್ತೆ ಬುಕ್ ಮಾಡಿದ್ದೇನೆ. ಈ ಸಲ ಬೆಲ್ ಒತ್ತಬೇಡ. "ಗೌಡ್ರೇ, ಸಿಲಿಂಡರ್ ಎಲ್ಲಿ ಇಳಿಸಲಿ?" ಅಂತ ಕೇಳು. ದುಡ್ಡೂ ಕೋಡ್ ನಂಬರಿನ ಚೀಟಿಯೂ ಅವರ ಅಂಗಿ ಜೇಬಿನಲ್ಲೇ ಇರುತ್ತವೆ.

ಇಂತಿ,
ಅವರ ಕಿರಿಯ ಮಗಳು
ಹಾಸನ